ನಿಂಬೆಹಣ್ಣು ಚಮಚದ ವಕಾಲತ್ತು

(ಸಂಘದ ವಾರ್ಷಿಕ ಸ್ನೇಹ ಸಮ್ಮೇಳನದ ಪೂರ್ವಭಾವಿ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ಸಾಮಾನ್ಯವಾಗಿ ಈ ವೇದಿಕೆಯಿಂದ ಭವಿಷ್ಯನಿಧಿ, ಮಕ್ಕಳ ವಿದ್ಯಾಭ್ಯಾಸ, ಸಂಘಟನೆ ಮುಂತಾದ ಗಂಭೀರ ವಿಷಯಗಳ ಮೇಲೆ ಮಾತುಗಳಾಗುತ್ತವೆ. ಆಗಬೇಕಾದುದು ನ್ಯಾಯವೇ. ನಾನು ಮಾತ್ರ ಇಂದು ನಿಂಬೆಹಣ್ಣು ಚಮಚದ ಓಟಕ್ಕೆ ವಕೀಲನಾಗಿ ನಿಂತಿದ್ದೇನೆ. ನಗಬೇಡಿ. ಅಥವಾ ನಗಿರಿ, ನನ್ನ ಕಕ್ಷಿದಾರನಿಗೆ ಅದರಿಂದ ನಷ್ಟವೇನೂ ಇಲ್ಲ.

ವಿಷಯ ನಿಮಗೆಲ್ಲ ತಿಳಿದದ್ದೇ. ನಮ್ಮ ಸಮ್ಮೇಳನದಲ್ಲಿ ಪ್ರತಿವರ್ಷವೂ ಮಧ್ಯಾಹ್ನದ ಊಟವಾದಮೇಲೆ ಒಂದು ಗಂಟೆಯ ಹೊತ್ತು ಆಟಗಳಿರುತ್ತವೆ. ಗೋಣಿಚೀಲದ ಓಟ, ಮೂರು ಕಾಲಿನ ಓಟ, ಕಣ್ಣು ಕಟ್ಟಿ ಮಡಕೆ ಒಡೆಯುವುದು, ಹಗ್ಗ ಜಗ್ಗುವುದು. ಈ ವರ್ಷ ಇವನ್ನು ಕೈಬಿಟ್ಟು ಆ ಹೊತ್ತಿಗೆ ವಾದ್ಯಗೋಷ್ಠಿ ಇಡಬೇಕೆಂದು ಸೂಚನೆ ಬಂದಿದೆ. ಕಾರಣ ಎರಡು ಕೊಟ್ಟಿದ್ದಾರೆ. ದೊಡ್ಡವರು ಗೋಣಿಯೊಳಗೆ ಕಾಲಿಟ್ಟು ಕುಪ್ಪಳಿಸುವುದು ಸಂಘದ ಮರ್ಯಾದೆಗೆ ತಕ್ಕುದಲ್ಲ, ಇದು ಮೊದಲನೆಯದು. ಎರಡನೆಯದು ಇದಕ್ಕಿಂತ ಭಾರವಾದದ್ದು. ಕಳೆದ ವರ್ಷ ಗೋಣಿಚೀಲದ ಓಟದಲ್ಲಿ ಮುಗ್ಗರಿಸಿ ಬಿದ್ದ ಒಬ್ಬ ಹುಡುಗನ ಚಿತ್ರವನ್ನು ಯಾರೋ ಮೊಬೈಲಿನಲ್ಲಿ ಹಿಡಿದರು. ಅದಕ್ಕೆ ಕತ್ತೆಯ ಕೂಗನ್ನು ಸೇರಿಸಿ ಊರೂರಿಗೆ ಹಂಚಿದರು. ಅದು ಹುಡುಗನ ಹಳ್ಳಿಗೂ ಮುಟ್ಟಿತು. ಆ ಹುಡುಗ ಆಮೇಲೆ ಸಂಘದ ಕಡೆ ಕಾಲಿಟ್ಟಿಲ್ಲ.

ಮೊದಲನೆಯ ಕಾರಣವನ್ನು ನಾನು ಒಪ್ಪಲಾರೆ. ಎರಡನೆಯದನ್ನು ಒಪ್ಪುತ್ತೇನೆ, ತಲೆ ತಗ್ಗಿಸಿಯೇ ಒಪ್ಪುತ್ತೇನೆ. ಆದರೆ ಅದಕ್ಕಾಗಿ ಆಟವನ್ನೇ ನಿಲ್ಲಿಸುವುದೆಂದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ತಪ್ಪು ಎಲ್ಲಿದೆಯೆಂಬುದು ನನಗೆ ಚೆನ್ನಾಗಿ ಗೊತ್ತು. ಏಕೆಂದರೆ ಅದೇ ತಪ್ಪನ್ನು, ಮೊಬೈಲು ಇಲ್ಲದ ಕಾಲದಲ್ಲಿ, ನಾನೇ ಮಾಡಿದ್ದೇನೆ.

ನಾನು ಈ ಊರಿಗೆ ಬಂದುದು 1964ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ. ಫೋರ್ಟಿನ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಕೆಲಸ ಸಿಕ್ಕಿತು. ಐದು ವರ್ಷದಲ್ಲಿ ಸಪ್ಲೈಯರ್ ಆದೆ, ಮೀಸೆ ಬಂತು, ಅಹಂಕಾರವೂ ಬಂತು. ಆಗ ಊರಿನಿಂದ ಹೊಸ ಹುಡುಗನೊಬ್ಬ ಬಂದ. ಹನ್ನೆರಡು ಹದಿಮೂರು ವಯಸ್ಸಿರಬಹುದು. ಹಿಂದಿ ಬಾರದು, ಮರಾಠಿ ಬಾರದು, ಊರಿನ ದಾರಿ ತಿಳಿಯದು. ಹೊಸಬರನ್ನು ಒಮ್ಮೆ ಬೇಸ್ತು ಬೀಳಿಸುವುದು ನಮ್ಮಲ್ಲಿ ಪದ್ಧತಿಯಾಗಿತ್ತು. ನಾನೇ ಯೋಚನೆ ಹಾಕಿದೆ. ಮಧ್ಯಾಹ್ನದ ಗಿರಾಕಿ ಇಳಿದಮೇಲೆ ಅವನನ್ನು ಕರೆದು, “ನಾಳೆ ಮುನಸಿಪಾಲಿಟಿಯ ಇನ್ಸ್‌ಪೆಕ್ಟರು ಬರುತ್ತಾರೆ, ದೋಸೆಯ ತೂತು ಅಳೆಯುವ ಯಂತ್ರ ನಮ್ಮಲ್ಲಿಲ್ಲ, ಆಚೆ ಬೀದಿಯ ಹೋಟೆಲಿನಿಂದ ತೆಗೆದುಕೊಂಡು ಬಾ” ಎಂದು ಕಳುಹಿಸಿದೆ. ಆಚೆ ಬೀದಿಯವರಿಗೆ ನಾನು ಮೊದಲೇ ಹೇಳಿಟ್ಟಿದ್ದೆ. ನಮ್ಮ ಮೋರಿಯ ಹತ್ತಿರ ಬಿದ್ದಿದ್ದ ಒಡಕು ರುಬ್ಬುವ ಗುಂಡನ್ನು ಗೋಣಿಗೆ ತುಂಬಿ, ಬಾಯಿ ಹೊಲಿದು, ಅಲ್ಲಿ ಇಟ್ಟು ಬಂದವನು ನಾನೇ.

ಅವರು ಅದನ್ನು ಹುಡುಗನ ಹೆಗಲಿಗೇರಿಸಿ, “ಇದು ಕೆಟ್ಟಿದೆ, ಮುಂದಿನ ಹೋಟೆಲಿನಲ್ಲಿ ಬದಲಾಯಿಸಿಕೋ” ಎಂದರು. ಮುಂದಿನವರು ಅದರ ಮುಂದಿನವರಲ್ಲಿಗೆ ಕಳುಹಿಸಿದರು. ಹೀಗೆ ಫೋರ್ಟಿನಿಂದ ಹೊರಟ ಹುಡುಗ ಗುಂಡು ಹೊತ್ತು ಗಿರಗಾಂವ್ ಮುಟ್ಟಿದ. ಅಲ್ಲಿ ಯಾರೋ ಪುಣ್ಯಾತ್ಮರು ಗೋಣಿ ಬಿಚ್ಚಿ ತೋರಿಸಿ, ಚಹಾ ಕುಡಿಸಿ, ದಾರಿ ಹೇಳಿ ಕಳುಹಿಸಿದರಂತೆ. ರಾತ್ರಿ ಹನ್ನೊಂದಕ್ಕೆ ಬಂದ. ಹೆಗಲಿನ ಚರ್ಮ ಸುಲಿದಿತ್ತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನೂ ನಕ್ಕ.

ಆಗೆಲ್ಲ ನಾವು ಮೇಜುಗಳನ್ನು ಜೋಡಿಸಿ ಹೋಟೆಲಿನಲ್ಲೇ ಮಲಗುತ್ತಿದ್ದೆವು. ದೀಪ ಆರಿಸಿದಮೇಲೆ ಅವನು ಪಕ್ಕದ ಮೇಜಿನಿಂದ ಮೆಲ್ಲಗೆ ಕೇಳಿದ: “ಅಣ್ಣ, ಯಂತ್ರ ಸಿಗಲಿಲ್ಲವಲ್ಲ, ನಾಳೆ ಇನ್ಸ್‌ಪೆಕ್ಟರು ಬಂದರೆ ಏನು ಮಾಡುವುದು?”

ಅವನಿಗೆ ಇನ್ನೂ ಅರ್ಥವೇ ಆಗಿರಲಿಲ್ಲ. ಎಲ್ಲರೂ ನಕ್ಕರೆಂದು ನಕ್ಕಿದ್ದ. ನಾನು ನಿದ್ದೆ ಬಂದವರಂತೆ ಸುಮ್ಮನಿದ್ದೆ. ಹತ್ತು ದಿನದೊಳಗೆ ಅವನು ಹಾಸಿಗೆ ಸುತ್ತಿಕೊಂಡು ಎಲ್ಲಿಗೋ ಹೋದ. ಎಲ್ಲಿಗೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಬೇಕೆಂದು ತೋಚಿದಾಗ ಕೇಳಲು ಯಾರೂ ಉಳಿದಿರಲಿಲ್ಲ.

ಇದನ್ನು ಇಷ್ಟು ವರ್ಷ ತಮಾಷೆಯ ಕತೆಯೆಂದು ಹೇಳಿಕೊಂಡು ಬಂದವನು ನಾನು. ಇದು ತಮಾಷೆಯಲ್ಲವೆಂದು ಹೊಳೆಯಲು ಕಳೆದ ವರ್ಷದ ಆ ಕತ್ತೆಯ ಕೂಗು ಬೇಕಾಯಿತು. ಗೋಣಿಚೀಲದ ಓಟದಲ್ಲಿ ಎಂಟು ಜನ ಎಂಟು ಗೋಣಿಯೊಳಗಿರುತ್ತಾರೆ. ಎಂಟು ಜನವೂ ಪೆದ್ದರಾಗಿ ಕಾಣುತ್ತಾರೆ, ಗೆದ್ದವನು ಸ್ವಲ್ಪ ಹೆಚ್ಚಾಗಿಯೇ ಕಾಣುತ್ತಾನೆ. ಮೊಬೈಲು ಹಿಡಿದವನು ಗೋಣಿಯೊಳಗೆ ಇರಲಿಲ್ಲ. ನನ್ನ ಗೋಣಿಯೂ ಇನ್ನೊಬ್ಬನ ಹೆಗಲ ಮೇಲಿತ್ತು. ವ್ಯತ್ಯಾಸವೆಲ್ಲ ಇಷ್ಟರಲ್ಲೇ ಇದೆಯೆಂದು ನನ್ನ ಅಭಿಪ್ರಾಯ.

ಈ ಮಾತಿಗೆ ನಮ್ಮ ಊರಿನದೇ ಒಂದು ಸಾಕ್ಷಿ ಉಂಟು. ನಮ್ಮ ಊರೆಂದರೆ ಮುಂಬಯಿ. ಅರುವತ್ತು ವರ್ಷ ನೀರು ಕುಡಿದಮೇಲೆ ಬೇರೆ ಯಾವುದನ್ನು ನಮ್ಮದೆನ್ನಲಿ? ಬೆಳಿಗ್ಗೆ ಉದ್ಯಾನಗಳಲ್ಲಿ ಗುಂಪುಗುಂಪಾಗಿ ನಿಂತು, ಕೈ ಎತ್ತಿ, ಹೋ ಹೋ ಹಾ ಹಾ ಎಂದು ನಗುವವರನ್ನು ನೀವು ನೋಡಿರಬೇಕು. ಆ ನಗೆಯ ಕೂಟವನ್ನು ಡಾಕ್ಟರ್ ಮದನ್ ಕಟಾರಿಯಾ ಎಂಬವರು 1995ರ ಮಾರ್ಚ್ 13ರಂದು ಅಂಧೇರಿಯ ಲೋಖಂಡವಾಲಾ ಭಾಗದ ಉದ್ಯಾನವೊಂದರಲ್ಲಿ ಆರಂಭಿಸಿದರು. ಮೊದಲ ದಿನ ಇದ್ದವರು ಐದೇ ಜನ. ಆರಂಭದಲ್ಲಿ ಅವರು ಸುತ್ತಲೂ ನಿಂತು ಒಬ್ಬೊಬ್ಬರಾಗಿ ನಗೆಹನಿ ಹೇಳುತ್ತಿದ್ದರಂತೆ. ಎರಡು ವಾರವಾಗುವಷ್ಟರಲ್ಲಿ ಒಳ್ಳೆಯ ನಗೆಹನಿಗಳು ಮುಗಿದವು. ಉಳಿದವು ಇವರನ್ನು ಅವರನ್ನು ಚುಚ್ಚುವಂಥವು, ಹೇಸಿಗೆಯವು. ಕೆಲವರು ನೊಂದುಕೊಂಡರು, ಕೂಟ ಮುಚ್ಚಿಬಿಡೋಣವೆಂದರು.

ಡಾಕ್ಟರು ಕೂಟವನ್ನು ಮುಚ್ಚಲಿಲ್ಲ, ನಗೆಹನಿಯನ್ನು ಬಿಟ್ಟರು. ಕಾರಣವಿಲ್ಲದೆ ಸುಮ್ಮನೆ ನಗೋಣವೆಂದರು. ಒಬ್ಬರ ಮುಖ ಒಬ್ಬರು ನೋಡಿ ಸುಳ್ಳು ನಗೆ ಆರಂಭಿಸಿದರೆ ಅರೆಗಳಿಗೆಯಲ್ಲಿ ಅದು ನಿಜವಾದ ನಗೆಯಾಗುವುದನ್ನು ಕಂಡುಕೊಂಡರು. ಇಂದು ದೇಶದೇಶಗಳಲ್ಲಿ ಇಂಥ ಕೂಟಗಳಿವೆ. 1998ರ ಜನವರಿಯಲ್ಲಿ ಮುಂಬಯಿಯಲ್ಲಿಯೇ ಮೊದಲ ವಿಶ್ವ ನಗೆಯ ದಿನವನ್ನು ಆಚರಿಸಿದರು. ಇದರಿಂದ ರಕ್ತದೊತ್ತಡ ಎಷ್ಟು ಇಳಿಯುತ್ತದೆಂಬುದನ್ನು ವೈದ್ಯರು ಹೇಳಲಿ, ನಾನು ಹೇಳಲಾರೆ. ನನ್ನ ಗಮನಕ್ಕೆ ಬಂದುದು ಇಷ್ಟೇ: ಯಾರನ್ನಾದರೂ ನೋಯಿಸದೆ ನಗಲಾಗುವುದಿಲ್ಲ ಎಂಬ ಘಟ್ಟ ಬಂದಾಗ ಅವರು ನೋಯಿಸುವುದನ್ನು ಬಿಟ್ಟರೇ ಹೊರತು ನಗುವುದನ್ನು ಬಿಡಲಿಲ್ಲ. ನಮ್ಮ ಸಮಿತಿ ತಿರುವುಮುರುವು ಮಾಡಲು ಹೊರಟಿದೆ.

ಇನ್ನು ಮರ್ಯಾದೆಯ ಮಾತು. ನನಗೆ ಗೊತ್ತಿರುವ ಒಬ್ಬ ಅಡಿಗೆ ಭಟ್ಟರ ವಿಷಯ ಹೇಳುತ್ತೇನೆ. ಅವರು ಮಹಾ ಮುಂಗೋಪಿ. ಕಪ್ಪು ಬಸಿ ಎತ್ತುವ ಹುಡುಗರು ಅವರ ಒಲೆಯ ಹತ್ತಿರ ಸುಳಿಯಲು ಹೆದರುತ್ತಿದ್ದರು. ಬೆಳಿಗ್ಗೆ ಐದೂವರೆಗೆ ದೋಸೆಯ ಕಾವಲಿ ಕಾದಿದೆಯೋ ಎಂದು ನೋಡಲು ಅವರು ನೀರು ಚಿಮುಕಿಸುವುದನ್ನು ನಾವೆಲ್ಲ ಕಂಡವರೇ. ಕಾವಲಿ ಅರೆಬರೆ ಕಾದಿದ್ದರೆ ಹನಿ ಚುಂಯ್ ಎಂದು ಆರಿಹೋಗುತ್ತದೆ. ತುಂಬಾ ಕಾದಿದ್ದರೆ? ಆರುವುದಿಲ್ಲ! ಮುತ್ತಿನ ಹಾಗೆ ಗುಂಡಗಾಗಿ ಕಾವಲಿಯ ತುಂಬ ಓಡಾಡುತ್ತದೆ. ಒಂದು ದಿನ ಗ್ಲಾಸಿನ ಹುಡುಗ ಧೈರ್ಯ ಮಾಡಿ, “ಭಟ್ಟರೇ, ಹೆಚ್ಚು ಬಿಸಿಯಾದರೆ ಬೇಗ ಆರಬೇಕಲ್ಲ, ಇದು ಯಾಕೆ ಹೆಚ್ಚು ಹೊತ್ತು ಬದುಕುತ್ತದೆ?” ಎಂದು ಕೇಳಿದ. ಭಟ್ಟರು ಬೈಯಲು ಬಾಯಿ ತೆರೆದವರು ಹಾಗೆಯೇ ನಿಂತರು. ಮೂವತ್ತು ವರ್ಷ ನೀರು ಚಿಮುಕಿಸಿದ್ದರು, ಕೇಳಿಕೊಂಡಿರಲಿಲ್ಲ.

ಮರುದಿನದಿಂದ ಪಂದ್ಯ ಆರಂಭವಾಯಿತು. ನಡುವೆ ಕೊಂಚ ತಗ್ಗಾದ ಹಳೆಯ ಕಬ್ಬಿಣದ ಕಾವಲಿ. ಒಬ್ಬೊಬ್ಬರೂ ಬೆರಳ ತುದಿಯಿಂದ ಒಂದೊಂದು ಹನಿ ಬಿಡಬೇಕು. ಯಾರ ಹನಿ ಹೆಚ್ಚು ಹೊತ್ತು ಉಳಿಯುತ್ತದೋ ಅವರಿಗೆ ಮೊದಲ ಕಾಫಿ. ಉಳಿದವರು ಗಟ್ಟಿಯಾಗಿ ಎಣಿಸಬೇಕು. ಗಲ್ಲೆಯ ಮೇಲಿನ ಧಣಿಗಳು ಕೂಗು ಕೇಳಿ ಒಳಗೆ ಬಂದು, ಏನು ಗಲಾಟೆಯೆಂದು ಗದರಿಸಿ, ಮೂರನೆಯ ದಿನ ತಾವೂ ಒಂದು ಹನಿ ಬಿಟ್ಟರು. ಸೋತರು. ಗ್ಲಾಸಿನ ಹುಡುಗ ಮೊದಲ ಕಾಫಿ ಕುಡಿದ, ಧಣಿಗಳು ಎರಡನೆಯದನ್ನು ಕುಡಿದರು. ಹೋಟೆಲಿನ ಛಾವಣಿ ಕುಸಿಯಲಿಲ್ಲ.

ಹನಿ ಏಕೆ ಬದುಕುತ್ತದೆಂಬುದು ಆಮೇಲೆ ರಾತ್ರಿಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾಸ್ತರರಿಂದ ತಿಳಿಯಿತು. ನೀರು ಕುದಿಯುವುದು ನೂರು ಡಿಗ್ರಿಯಲ್ಲಿ. ಕಾವಲಿ ಇನ್ನೂರರ ಆಸುಪಾಸಿಗೆ ಏರಿದರೆ ಹನಿ ತಗಲುವ ಮೊದಲೇ ಅದರ ಅಡಿಭಾಗ ಉಗಿಯಾಗಿ ಮೆತ್ತೆಯಂತೆ ಹರಡುತ್ತದೆ. ಹನಿ ಆ ಮೆತ್ತೆಯ ಮೇಲೆ ಕುಳಿತು ಜಾರುತ್ತದೆ. ಉಗಿಯ ಮೂಲಕ ಕಾವು ನಿಧಾನವಾಗಿ ಮಾತ್ರ ಹಾಯುವುದರಿಂದ ಹನಿಗೆ ಆಯುಷ್ಯ ಸಿಕ್ಕುತ್ತದೆ. ಜರ್ಮನಿಯ ಲೈಡನ್‌ಫ್ರಾಸ್ಟ್ ಎಂಬ ವೈದ್ಯರು 1756ರಲ್ಲಿ ಇದನ್ನು ಕುರಿತು ಬರೆದರಂತೆ. ಅವರು ಪ್ರಯೋಗ ಮಾಡಿದ್ದು ಕೆಂಡದ ಮೇಲೆ ಕೆಂಪಗೆ ಕಾಯಿಸಿದ ಕಬ್ಬಿಣದ ಚಮಚದಲ್ಲಿ. ಚಮಚ! ನನ್ನ ಕಕ್ಷಿದಾರನ ಬಳಗವೇ. ಇದನ್ನು ಕೇಳಿ ಬಂದ ದಿನ ಭಟ್ಟರು ಕಾವಲಿಯನ್ನು ಹೊಸದಾಗಿ ನೋಡುವವರಂತೆ ನೋಡುತ್ತ ನಿಂತಿದ್ದರು, ಮೊದಲ ದೋಸೆ ಕರಿಯಿತು. ಆ ಮೇಲೆ ಅವರು ಬೈಯುವುದನ್ನು ಬಿಟ್ಟರೆಂದು ಹೇಳಿದರೆ ಸುಳ್ಳಾದೀತು. ಆದರೆ ಹೆಸರು ಹಿಡಿದು ಬೈಯತೊಡಗಿದರು. ಅದುವರೆಗೆ ಯಾವ ಹುಡುಗನ ಹೆಸರೂ ಅವರಿಗೆ ತಿಳಿದಿರಲಿಲ್ಲ.

ನಮ್ಮ ಹಿರಿಯರಿಗೆ ಇದೆಲ್ಲ ತಿಳಿದೇ ಇತ್ತು. ಹುಬ್ಬಳ್ಳಿ ಧಾರವಾಡದ ಕಡೆಯವರನ್ನು ಕೇಳಿ, ಹೋಳಿಯಲ್ಲಿ ಕಾಮಣ್ಣನಿಗಾಗಿ ಕಟ್ಟಿಗೆ ಕುಳ್ಳು ಕದಿಯುವುದಕ್ಕೆ ಊರೇ ಒಪ್ಪಿಗೆ ಕೊಟ್ಟಿತ್ತು. ಉಡುಪಿಯ ವಿಟ್ಲಪಿಂಡಿಯಂದು ರಥಬೀದಿಯಲ್ಲಿ ಮೊಸರು ಕುಡಿಕೆ ಒಡೆಯುವಾಗ ಮೈಗೆ ಬಣ್ಣ ಬಳಿದ ಹುಲಿಗಳ ನಡುವೆ ಮರ್ಯಾದೆಯ ಪ್ರಶ್ನೆ ಎತ್ತಿದವರಿಲ್ಲ. ಈಚಿನ ವರ್ಷಗಳಲ್ಲಿ ತುಳುನಾಡಿನಲ್ಲಿ ‘ಕೆಸರ್ಡೊಂಜಿ ದಿನ’ ಎಂದು ಮಳೆಗಾಲದ ಗದ್ದೆಗಿಳಿದು ಓಡುತ್ತಾರೆ, ಹಗ್ಗ ಜಗ್ಗುತ್ತಾರೆ, ಅಡಿಕೆಯ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುತ್ತಾರೆ. ಬೇಂಕಿನ ಮೇನೇಜರು, ಬಸ್ಸಿನ ಕಂಡಕ್ಟರು, ಶಾಲೆಯ ಟೀಚರು, ಕೆಸರು ಮೆತ್ತಿದಮೇಲೆ ಯಾರು ಯಾರೆಂದು ಗುರುತು ಹತ್ತುವುದಿಲ್ಲ.

ನನ್ನ ಮೊಮ್ಮಗಳು ಅಮೆರಿಕದ ಒಂದು ಆಟದ ವಿಚಾರ ಹೇಳಿದಳು. ಮಿಶಾ ಕಾಲಿನ್ಸ್ ಎಂಬ ಟೆಲಿವಿಷನ್ ನಟ 2011ರಲ್ಲಿ ಅದನ್ನು ಆರಂಭಿಸಿದನಂತೆ. ‘ಗಿಶ್‌ವೆಸ್’ ಎಂದು ಹೆಸರು. ಬಿಡಿಸಿ ಹೇಳಿದರೆ, ಜಗತ್ತು ಇದುವರೆಗೆ ಕಂಡ ಅತಿದೊಡ್ಡ ಅಂತರರಾಷ್ಟ್ರೀಯ ಹುಡುಕಾಟ ಎಂದು. ಜಂಬದ ಹೆಸರೂ ಆಟದ ಒಂದು ಭಾಗವೇ. ಹದಿನೈದು ಜನರ ತಂಡ, ಒಂದು ವಾರದ ಗಡುವು, ನೂರಕ್ಕೂ ಮಿಕ್ಕಿದ ಅಸಂಬದ್ಧ ಕೆಲಸಗಳ ಪಟ್ಟಿ. ಮಾಡಿದ್ದಕ್ಕೆ ಚಿತ್ರವನ್ನು ಸಾಕ್ಷಿಯಾಗಿ ಕಳುಹಿಸಬೇಕು. ಈ ಹುಚ್ಚು ಕೆಲಸಗಳ ನಡುನಡುವೆ ಪರೋಪಕಾರದ ಕೆಲಸಗಳನ್ನೂ ಸೇರಿಸಿರುತ್ತಿದ್ದರು; ಜನ ಕೊಟ್ಟ ಹಣದಲ್ಲಿ ಒಂದು ಪಾಲು ಸೇವಾಸಂಸ್ಥೆಗೆ ಹೋಗುತ್ತಿತ್ತು. ಅನೇಕ ದೇಶಗಳವರು ಸೇರಿದರು, ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿಯೂ ಬಂತು. ಮೊದಲಿಗೆ ನನಗೆ, ಹೊಟ್ಟೆ ತುಂಬಿದವರ ಚಾಳಿ ಎನ್ನಿಸಿತು. ಮೊಮ್ಮಗಳು, “ಅಜ್ಜ, ಸಂಕೋಚದವರು ಅಪರಿಚಿತರ ಬಾಗಿಲು ತಟ್ಟಿ ಸಹಾಯ ಕೇಳುವುದಕ್ಕೆ ಅದೊಂದು ನೆವ” ಎಂದಳು. ಆಗ ಯೋಚಿಸಿದೆ. ಊರು ಬಿಟ್ಟು ಊರಿಗೆ ಬಂದವರಿಗೆ ಇದಕ್ಕಿಂತ ಕಷ್ಟದ ಕೆಲಸ ಯಾವುದಿದೆ?

ಆದರೆ ಅವರೂ ಒಮ್ಮೆ ಎಡವಿದರು. 2014ರ ಪಟ್ಟಿಯಲ್ಲಿ, ವಿಜ್ಞಾನ ಕಥೆಗಾರರೊಬ್ಬರಿಂದ ಪುಟ್ಟ ಕತೆ ಬರೆಯಿಸಿಕೊಳ್ಳಬೇಕೆಂದು ಒಂದು ಕೆಲಸವಿತ್ತು. ಕತೆಯಲ್ಲಿ ಆ ನಟ ಇರಬೇಕು, ಇಂಗ್ಲೆಂಡಿನ ರಾಣಿ ಇರಬೇಕು, ಆನೆಯೂ ಅಷ್ಟಪದಿಯೂ ಕೂಡಿದ ಒಂದು ಪ್ರಾಣಿ ಇರಬೇಕು. ತಮಾಷೆಯೇನೋ ಹೌದು. ಆದರೆ ಒಂದೇ ವಾರದಲ್ಲಿ ಲೇಖಕರ ಮೇಲೆ ಕೋರಿಕೆಗಳ ಮಳೆ ಸುರಿಯಿತು. ಅವರಲ್ಲಿ ಕೆಲವರು ರೋಸಿಹೋಗಿ ಬಹಿರಂಗವಾಗಿಯೇ ಬೇಡವೆಂದರು. ಆಟಕ್ಕೆ ಸೇರದವರ ಹೆಗಲಿಗೆ ಆಟದ ಭಾರ ಬಿತ್ತು. ದೋಸೆಯ ತೂತಿನ ಯಂತ್ರ ಅಲ್ಲಿಯೂ ಇತ್ತೆಂದಾಯಿತು. ಎಲ್ಲರ ಮನೆಯ ದೋಸೆಯೂ ತೂತೇ ಅಲ್ಲವೆ?

ಇನ್ನೊಂದು ಅಪಾಯವೂ ಇದೆ, ಅದು ಬಹುಮಾನದ ಅಪಾಯ. ಹಾಗೆಂದೇ ನಾನು ದೊಡ್ಡ ಬಹುಮಾನಗಳಿಗೆ ವಿರೋಧಿ. ದಹಿಹಂಡಿಯನ್ನೇ ನೋಡಿ. ಬೀದಿಯ ಹುಡುಗರು ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತುವ ಆಟ. ಕೆಳಗಿನವನ ಹೆಗಲು ಗಟ್ಟಿಯಿದ್ದರೆ ಮೇಲಿನವನ ಕೈಗೆ ಬೆಣ್ಣೆ. 2012ರಲ್ಲಿ ಠಾಣೆಯಲ್ಲಿ ಒಂಬತ್ತು ಅಂತಸ್ತಿನ ಗೋಪುರ ನಿಲ್ಲಿಸಿ ಸುಮಾರು 44 ಅಡಿಯ ದಾಖಲೆ ಮಾಡಿದರು. ಬಹುಮಾನ ಏರಿದಷ್ಟೂ ಮಡಕೆ ಏರಿತು, ಮಡಕೆ ಏರಿದಷ್ಟೂ ಆಸ್ಪತ್ರೆ ತುಂಬಿತು. 2014ರಲ್ಲಿ ಉಚ್ಚ ನ್ಯಾಯಾಲಯವೇ ಎತ್ತರಕ್ಕೂ ಮಕ್ಕಳ ವಯಸ್ಸಿಗೂ ಮಿತಿ ಹಾಕಬೇಕಾಯಿತು. ಇಷ್ಟು ಸಾಕು.

ಈಗ ಗಿರಣಿಯ ಗೆಳೆಯರಿಗೆ ನೆನಪಿರುವ ಒಂದು ಕಾಲಕ್ಕೆ ಬರುತ್ತೇನೆ. 1974ರಲ್ಲಿ ನಾನು ಹೋಟೆಲು ಬಿಟ್ಟು ಗಿರಣಿಯ ಮಗ್ಗದ ಖಾತೆಗೆ ಬದಲಿ ಕೆಲಸಗಾರನಾಗಿ ಸೇರಿದೆ. ಲಾಲ್‌ಬಾಗಿನ ಚಾಳಿನಲ್ಲಿ ಒಂದು ಖೋಲಿ, ಮದುವೆ, ಒಂದು ಮಗು. 1982ರ ಜನವರಿ 18ರಂದು ಡಾಕ್ಟರ್ ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಜನ. ಅದರ ರಾಜಕೀಯವನ್ನು ನಾನಿಲ್ಲಿ ಎತ್ತುವುದಿಲ್ಲ. ಈ ಸಭೆಯಲ್ಲೇ ಎರಡು ಪಕ್ಷದವರಿದ್ದೀರಿ, ವಾದ್ಯಗೋಷ್ಠಿ ಇಲ್ಲೇ ಆರಂಭವಾದೀತು. ನಾನು ಹೇಳಬೇಕೆಂದಿರುವುದು ಅನ್ನದ ಮಾತು.

ಮೊದಲ ಎರಡು ತಿಂಗಳು ಎಲ್ಲರಲ್ಲೂ ಹುರುಪಿತ್ತು. ಮಳೆಗಾಲ ಬರುವಷ್ಟರಲ್ಲಿ ಕಿರಾಣಿಯವನು ಉದ್ರಿ ನಿಲ್ಲಿಸಿದ್ದ, ಹೆಂಡಂದಿರ ತಾಳಿ ಅಡವಿಗೆ ಹೋಗಿತ್ತು. ಕೆಲವರು ಊರಿಗೆ ಹೋದರು. ಉಳಿದವರಲ್ಲಿ ಯಾರ ಮನೆಯಲ್ಲಿ ಒಲೆ ಹೊತ್ತಿದೆ, ಯಾರ ಮನೆಯಲ್ಲಿ ಇಲ್ಲ ಎಂಬುದು ಇನ್ನೊಬ್ಬರಿಗೆ ತಿಳಿಯದಂತೆ ಬಾಗಿಲು ಮುಚ್ಚಿಕೊಳ್ಳತೊಡಗಿದರು. ಚಾಳಿನಲ್ಲಿ ಬಾಗಿಲು ಮುಚ್ಚುವುದೆಂದರೆ ಏನೆಂದು ಚಾಳಿನಲ್ಲಿ ಬಾಳಿದವರಿಗೇ ಗೊತ್ತು. ಕೊಡಲು ಇದ್ದವರಿಗೆ ಕೊಡಲು ಸಂಕೋಚ. ಬೇಕಾದವರಿಗೆ ಕೇಳುವುದಕ್ಕಿಂತ ಉಪವಾಸ ಮೇಲು.

ನಮ್ಮ ಮಾಳಿಗೆಯಲ್ಲಿ ಸೊಲ್ಲಾಪುರದ ಕಡೆಯ ಒಬ್ಬ ಮುದುಕಿಯಿದ್ದಳು. ಎಲ್ಲರೂ ಅವಳನ್ನು ಅವ್ವ ಎನ್ನುತ್ತಿದ್ದೆವು. ಒಂದು ಸಂಜೆ ಅವಳು ಮಕ್ಕಳನ್ನೆಲ್ಲ ಕೂಡಿಸಿ, ಮೆಟ್ಟಿಲ ಕೆಳಗಿನ ಕತ್ತಲ ಗೂಡಿನಲ್ಲಿ ಒಂದು ಮಣ್ಣಿನ ಕೊಡ ಇಡಿಸಿ ಆಟ ಹೂಡಿದಳು. ಚಾಳಿನ ದೊಡ್ಡವರು ಚಿಕ್ಕವರೆಲ್ಲ ದಿನಕ್ಕೊಮ್ಮೆ ಮುಷ್ಟಿ ಬಿಗಿದುಕೊಂಡು ಒಬ್ಬೊಬ್ಬರಾಗಿ ಒಳಗೆ ಹೋಗಬೇಕು, ಕೊಡದೊಳಗೆ ಕೈ ಹಾಕಬೇಕು, ಕೋಳಿಯ ಹಾಗೆ ಕೂಗಬೇಕು, ಮುಷ್ಟಿ ಬಿಗಿದುಕೊಂಡೇ ಹೊರಗೆ ಬರಬೇಕು. ಚೆನ್ನಾಗಿ ಕೂಗಿದವರಿಗೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. “ಒಳಗ ಏನ್ ಮಾಡಿದಿ ಅಂತ ಯಾರೂ ಯಾರನ್ನೂ ಕೇಳಬ್ಯಾಡ್ರಿ. ಕೋಳಿ ಹೆಂಗ ಕೂಗ್ತು, ಅಷ್ಟ ನೋಡ್ರಿ” ಎಂದಳು.

ಗಂಡಸರು ಮೊದಲು ಹಿಂಜರಿದರು. ಇಪ್ಪತ್ತು ವರ್ಷ ಮಗ್ಗ ನಡೆಸಿದವರು, ಮೋರ್ಚಾದಲ್ಲಿ ಘೋಷಣೆ ಕೂಗಿದವರು, ಕೋಳಿ ಕೂಗುವುದೇ? ಮಕ್ಕಳು ಬಿಡಲಿಲ್ಲ, ಕೈ ಹಿಡಿದು ಎಳೆದುಕೊಂಡು ಹೋದರು. ಒಬ್ಬ ಮುಕಾದಮರು ಕೂಗಿದ್ದು ಬೆಕ್ಕಿಗೂ ಕೋಳಿಗೂ ನಡುವಿನ ಯಾವುದೋ ಪ್ರಾಣಿಯಂತಿತ್ತು. ಚಾಳು ಬಿದ್ದುಬಿದ್ದು ನಕ್ಕಿತು. ಎಷ್ಟೋ ವಾರಗಳ ಮೇಲೆ ಕೇಳಿದ ನಗು. ಬಾಗಿಲುಗಳು ತೆರೆದವು, ಕೂಗು ಕೇಳಲು ಹೆಂಗಸರು ಕಠಡೆಗೆ ಬಂದು ನಿಂತರು. ಮುಷ್ಟಿಯಲ್ಲಿ ಅಕ್ಕಿ ಒಯ್ದವರು ಯಾರು, ಖಾಲಿ ಮುಷ್ಟಿ ಒಯ್ದು ಅಕ್ಕಿ ತಂದವರು ಯಾರು, ಯಾರಿಗೂ ತಿಳಿಯಲಿಲ್ಲ. ತಿಳಿಯುವ ಹಾಗೆಯೇ ಇರಲಿಲ್ಲ.

ಒಂದು ಮುಷ್ಟಿ ಅಕ್ಕಿಯಿಂದ ಸಂಸಾರ ನಡೆಯುತ್ತದೆಯೇ ಎಂದು ಕೇಳಬಹುದು. ನಡೆಯುವುದಿಲ್ಲ. ಮಗುವಿಗೆ ಗಂಜಿಯಾಗುತ್ತದೆ. ಆಷಾಢದ ಒಂದು ರಾತ್ರಿ ನಾನು ಖಾಲಿ ಮುಷ್ಟಿ ಬಿಗಿದುಕೊಂಡು ಒಳಗೆ ಹೋದೆ. ಕೊಡದ ತಳದಲ್ಲಿ ಬೆರಳಿಗೆ ಅಕ್ಕಿ ತಗಲಿತು. ಆ ದಿನ ನಾನು ಕೂಗಿದಷ್ಟು ಗಟ್ಟಿಯಾಗಿ ಆ ಚಾಳಿನಲ್ಲಿ ಯಾವ ಕೋಳಿಯೂ ಕೂಗಿರಲಾರದು. ಮಕ್ಕಳು ಚಪ್ಪಾಳೆ ತಟ್ಟಿದರು. ಇದನ್ನು ಇಂದಿನವರೆಗೆ ನನ್ನ ಹೆಂಡತಿಗೂ ಹೇಳಿರಲಿಲ್ಲ. ಅವಳು ಈಗ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ.

ಆದುದರಿಂದ, ಅಧ್ಯಕ್ಷರೇ, ಮರ್ಯಾದೆಯ ಮಾತನ್ನು ನನ್ನ ಮುಂದೆ ಎತ್ತಬೇಡಿ.

ನನ್ನ ವಿಜ್ಞಾಪನೆ ಇಷ್ಟು. ಸಮ್ಮೇಳನದ ಆಟಗಳು ಇರಲಿ. ಅವುಗಳ ಹಿಂದಿನ ಒಂದು ವಾರ, ಆ ಅಮೆರಿಕದವರಂತೆ, ನಾವೂ ಒಂದು ಹುಡುಕಾಟ ನಡೆಸೋಣ. ಆರಾರು ಜನರ ತಂಡ. ಪ್ರತಿ ತಂಡದಲ್ಲಿ ಈ ವರ್ಷವೇ ಊರಿನಿಂದ ಬಂದ ಹೊಸಬನೊಬ್ಬ ಇರಲೇಬೇಕು, ಅವನೇ ನಾಯಕ. ಗಿರಣಿಯ ನಿವೃತ್ತರೊಬ್ಬರೂ ಇರಲಿ. ಕೆಲಸಗಳ ಪಟ್ಟಿಯನ್ನು ಸಮಿತಿ ಮಾಡಲಿ, ನನಗೆ ತೋಚಿದ ಕೆಲವನ್ನು ಹೇಳುತ್ತೇನೆ. ಗಿರಣಿಯ ಭೋಂಗಾವನ್ನು ಬಾಯಿಯಿಂದ ಊದಿ ತೋರಿಸಬಲ್ಲ ಮುದುಕರನ್ನು ಹುಡುಕಿ, ಅವರ ಪಾಳಿಯ ಹೊತ್ತಿಗೆ ಸರಿಯಾಗಿ ಊದಿಸಬೇಕು. ಸಕ್ಕರೆ ಕಮ್ಮಿ ಚಹಾ ಎಂಬುದನ್ನು ಗಿರಾಕಿಗಳಿಂದಲೇ ಎಷ್ಟು ಭಾಷೆಗಳಲ್ಲಿ ಕಲಿಯಬಹುದೋ ಕಲಿಯಬೇಕು. ಧಣಿಗಳೊಬ್ಬರನ್ನು ಒಪ್ಪಿಸಿ ಒಂದು ಗಂಟೆ ಗ್ಲಾಸು ತೊಳೆಯಿಸಬೇಕು. ಗ್ಲಾಸಿನ ಹುಡುಗ ಅಷ್ಟು ಹೊತ್ತು ಗಲ್ಲೆಯ ಮೇಲೆ ಕೂರಬೇಕು, ಲೆಕ್ಕ ತಪ್ಪಿದರೆ ಇಬ್ಬರೂ ಹೊಣೆ. ಕಟ್ಟಡದ ಕಾವಲುಗಾರನ ಊರು ಯಾವುದು, ಅಲ್ಲಿಯ ಆಟ ಯಾವುದು ಎಂದು ಕೇಳಿ, ಅದನ್ನು ಅವನೊಡನೆ ಆಡಬೇಕು. ಕಾವಲಿಯ ಮೇಲಿನ ಹನಿಯ ಪಂದ್ಯ ಇರಲೇಬೇಕು, ಅದರಲ್ಲಿ ನನ್ನ ಹಟವಿದೆ. ಮೆಟ್ಟಿಲ ಕೆಳಗಿನ ಕೊಡವನ್ನು ಎಲ್ಲಿಡಬೇಕು, ಅದರಲ್ಲಿ ಅಕ್ಕಿಯ ಬದಲು ಏನು ಹಾಕಬೇಕು ಎಂಬುದನ್ನು ಹೆಂಗಸರು ತೀರ್ಮಾನಿಸಲಿ.

ನಿಯಮ ಎರಡು ಸಾಕು. ಆಟಕ್ಕೆ ಸೇರದವರನ್ನು ಪೀಡಿಸಕೂಡದು. ಮೊಬೈಲಿನಲ್ಲಿ ಚಿತ್ರ ಹಿಡಿಯುವವನು ಗೋಣಿಯೊಳಗೆ ನಿಂತು ಹಿಡಿಯಬೇಕು. ಬಹುಮಾನ ಒಂದು ಕಾಫಿ.

ಕೊನೆಗೆ ಒಂದು ವಿಷಯ. ಕಳೆದ ವರ್ಷದ ಆ ಹುಡುಗ ಕೆಲಸ ಮಾಡುವ ಹೋಟೆಲಿಗೆ ನಾನು ಮೊನ್ನೆ ಹೋಗಿದ್ದೆ. ಸಂಘದ ಪರವಾಗಿ ಕ್ಷಮೆ ಕೇಳಿದೆ. ಸಮಿತಿಯ ಅಪ್ಪಣೆ ಪಡೆದಿರಲಿಲ್ಲ, ಮನ್ನಿಸಬೇಕು. ಬರುತ್ತೇನೆಂದೂ ಅವನು ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಮೇಜು ಒರೆಸುತ್ತ, “ನೀವು ಗೋಣಿಗೆ ಇಳಿಯುತ್ತೀರಾ, ಅಜ್ಜ?” ಎಂದು ಕೇಳಿದ.

ಇಳಿಯುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ಈಗ ನನಗೆ ಎಪ್ಪತ್ತು ದಾಟಿದೆ, ಮೊಣಕಾಲು ಬಗ್ಗುವುದಿಲ್ಲ. ಕಾರ್ಯದರ್ಶಿಗಳು ದಯವಿಟ್ಟು ಬಾಯಿ ಅಗಲವಾದ ಒಂದು ಗೋಣಿಯನ್ನು ನೋಡಿ ಇಡಬೇಕು.